ಬಂಗಡೆ ನಾತದ ಸ್ಟ್ಯಾಂಡು

ತಪ್ಪು ನನ್ನದೇ. ಕೊಳ್ಳುವ ಸಾಮಾನು ನೋಡುವುದು ಬಿಟ್ಟು ಮಾರುವವನ ದನಿಯನ್ನು ಅಣಕಿಸುತ್ತ ನಿಂತ ಮಂಗ ನಾನು. ಗೋವಾದ ಮ್ಹಾಪಸಾದಲ್ಲಿ ಶುಕ್ರವಾರದ ಸಂತೆಯಲ್ಲಿ ಹಳೇ ಸಾಮಾನಿನ ಅಜ್ಜ ಪ್ರತಿ ಮಾತನ್ನೂ ಎಳೆದೆಳೆದು ಹಾಡುತ್ತಿದ್ದ, ನಾನೂ ಹಾಡಿದೆ. ಸುತ್ತಲಿನವರು ನಕ್ಕರು, ಅಜ್ಜನೂ ನಕ್ಕ, ನಗುತ್ತಲೇ ಕ್ಯಾಮೆರಾದ ಮರದ ಸ್ಟ್ಯಾಂಡನ್ನು ಗೋಣಿತಟ್ಟಿನಲ್ಲಿ ಸುತ್ತಿ ಕೊಟ್ಟ. ಪಕ್ಕದಲ್ಲೇ ಒಣಮೀನಿನ ಸಾಲು. ಅಲ್ಲಿ ಯಾವ ನಾತ ಯಾರದೆಂದು ಹೇಳುವುದು?

ಮುಂದಿನ ಶನಿವಾರ ಅಪ್ಪನ ನಿವೃತ್ತಿ. ಆಫೀಸಿನವರ ಗ್ರೂಪ್ ಫೋಟೋ ನಾನೇ ತೆಗೆಯುತ್ತೇನೆಂದು ಜಂಬ ಕೊಚ್ಚಿದ್ದೆ. ನಾನು ಕೆಲಸಕ್ಕಿದ್ದ ಸ್ಟುಡಿಯೊದ ಮಾಲಕರು ದೊಡ್ಡ ಪೆಟ್ಟಿಗೆ ಕ್ಯಾಮೆರಾ ಕೊಡಲು ಒಪ್ಪಿದ್ದರು. ಅದರ ಸ್ಟ್ಯಾಂಡು ಮುರಿದು ವರ್ಷವಾಗಿತ್ತು.

ಬಸ್ಸಿನಲ್ಲಿ ನಾತ ಎದ್ದಿತು. ಎದುರು ಕೂತ ಮೀನು ಮಾರುವ ಹೆಂಗಸನ್ನು ಕೆಕ್ಕರಿಸಿ ನೋಡಿದೆ. ಆಕೆ ಖಾಲಿ ಬುಟ್ಟಿ ನನ್ನ ಮುಖಕ್ಕೇ ಹಿಡಿದು, “ನುಸ್ತೆಂ ನಾ ಬಾಬಾ”, ಮೀನಿಲ್ಲಪ್ಪಾ, ಎಂದು ಎದ್ದು ಬೇರೆ ಸೀಟಿಗೆ ಹೋದಳು.

ವಾಸ್ಕೋದ ಮನೆಯ ಹಿತ್ತಲಲ್ಲಿ ಬಿಚ್ಚಿದೆ. ಕಾಲಿನ ಪಟ್ಟಿಗಳ ನಡುವೆ ಮೀನಿನ ಹುರುಪೆ, ಸೀಗಡಿಯ ಮೀಸೆ, ಜಿರಲೆಯ ಹಿಕ್ಕೆ, ಎಲ್ಲ ಜಿಡ್ಡಾಗಿ ಒಂದೇ ಮುದ್ದೆ. ಬೆರಳು ಹಾಕಿದೆ; ಆ ಬೆರಳಿನಿಂದ ಎರಡು ದಿನ ಊಟ ಮಾಡಲಿಲ್ಲ. ಯಾರೋ ಇದಕ್ಕೆ ಹಗ್ಗ ಕಟ್ಟಿ ಬಂಗಡೆ ಒಣಗಿಸಿದ್ದರು.

“ಅದು ಒಳಗ ಬಂದ್ರ ನಾ ಹೊರಗ ಹೋಗ್ತೇನಿ,” ಎಂದಳು ಅವ್ವ. ಆದರೂ ಉಪಾಯ ಹೇಳಿದಳು: ದೇವರ ಪಾತ್ರೆಗೆ ಮಾಡುವ ಹಾಗೆ ಹುಣಸೆಹಣ್ಣು ಹಚ್ಚಿ ನೆನೆಯಿಡು. ಒಂದು ಹಗಲು ನೆನೆಯಿಟ್ಟೆ. ಮೀನಿನ ಸಾರಿಗೆ ಹುಣಸೆ ಹಾಕುತ್ತಾರೆಂಬುದು ಮೀನು ತಿನ್ನದ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಂಜೆಗೆ ಹಿತ್ತಲಲ್ಲಿ ಹದವಾದ ಸಾರು ತಯಾರಾಗಿತ್ತು. ಮರ ಉಬ್ಬಿ ಮೂರೂ ಕಾಲು ಬಿಗಿದುಕೊಂಡಿದ್ದವು.

ಬಾಗಲಕೋಟೆ ಕಡೆಯ ಬಡಗಿಯೊಬ್ಬರು ಒಂದು ಗಳಿಗೆ ಮೂಸಿ ನೋಡಿ, “ತಮ್ಮಾ, ನಾ ಮೀನ ತಿನ್ನಾಂವ. ಇದನ್ನ ನೋಡಿ ಬಿಟ್ಟಬಿಡೂಣು ಅನ್ಸಾಕತ್ತೈತಿ,” ಎಂದರು. ಬಿಸಿಲಿಗೆ ಒಣಗಿಸಿ, ಉಬ್ಬಿದಲ್ಲಿ ಉಜ್ಜುಗೊರಡು ಹೊಡೆದು, ಕೀಲುಗಳಲ್ಲಿ ಇಲಿ ತಿಂದ ಚರ್ಮದ ಬಿಲ್ಲೆಗಳ ಜಾಗಕ್ಕೆ ಹಳೇ ಚಪ್ಪಲಿ ಕತ್ತರಿಸಿ ಹಾಕಿದರು. ಕಾಲು ಗಟ್ಟಿಯಾದವು. ನಾತವೂ ಗಟ್ಟಿಯಾಗಿಯೇ ಉಳಿಯಿತು.

ಶನಿವಾರ ಆಫೀಸಿನ ಅಂಗಳದಲ್ಲಿ ಕ್ಯಾಮೆರಾ ನಿಲ್ಲಿಸಿದೆ. ಬಿಸಿಲು ಏರಿದಂತೆ ಬಂಗಡೆಯೂ ಏರಿತು. ಮುಂದಿನ ಸಾಲಿನ ಸಾಹೇಬರು ಕುರ್ಚಿ ಹಿಂದೆ ಸರಿಸಿದರು. ಒಬ್ಬೊಬ್ಬರಾಗಿ ಕರ್ಚೀಫು ತೆಗೆದು ಮೂಗಿಗೆ ಹಿಡಿದರು. ನಾನು ಮಾಲಕರ ದನಿಯಲ್ಲಿ, “ಸ್ವಲ್ಪ ಮುಂದ ಬರ್ರಿ ಸರ್, ನಗ್ರಿ,” ಎಂದೆ. ಯಾರೂ ನಗಲಿಲ್ಲ. ನಡುವೆ ಹಾರ ಹಾಕಿಕೊಂಡು ಕೂತಿದ್ದ ಅಪ್ಪ ಎದ್ದು ನನ್ನ ಹತ್ತಿರ ಬಂದರು.

“ನಾತ ಫೋಟೋದಾಗ ಬರೂದಿಲ್ಲಪಾ,” ಎಂದೆ ಮೆಲ್ಲಗೆ.

“ಮೂಗು ಮುಚ್ಚಿದ್ದು ಬರ್ತದ. ಮೂವತ್ತ ವರ್ಷ ನನ್ನ ಬಾಜೂಕ ಕೂತು ಯಾರೂ ಮುಚ್ಚಿದ್ದಿಲ್ಲ. ಅದನ್ನ ತಗೊಂಡು ನಡಿ.”