ಮದುಮಗನ ಎತ್ತಿದ ಕೈ, ದೊಡ್ಡವ್ವನ ಆರತಿ

ಹುಮನಾಬಾದಿನ ನಮ್ಮ ಮನೆಯಲ್ಲಿ ಆ ಸಂಜೆ ಟಿವಿಯ ಮುಂದೆ ಇದ್ದವರು ಮೂವರು: ಅವ್ವ, ನಾನು, ಮತ್ತು ಎರಡು ದಿನಕ್ಕೆಂದು ಬಸವಕಲ್ಯಾಣದಿಂದ ಬಂದಿದ್ದ ಅವ್ವನ ಅಕ್ಕ, ಅಂದರೆ ನನ್ನ ದೊಡ್ಡವ್ವ. ಅವಳ ಮಗ್ಗುಲಿಗೆ ಆರತಿ ತಟ್ಟೆ, ಒಂದು ಬಟ್ಟಲು ಸಕ್ಕರೆ.

ಕಥೆ ಕೇಳಲು ಕೂತವರು ಅದು ಮುಗಿಯುವ ತನಕ ಊರು ಬಿಡಬಾರದು, ಮುಗಿದ ಮೇಲೆ ಆರತಿ ಬೆಳಗಿ ಸಕ್ಕರೆ ಹಂಚಬೇಕು. ಪುರಾಣಕ್ಕೆಂದು ಅವರಜ್ಜಿ ಹೇಳಿಕೊಟ್ಟ ಈ ಪದ್ಧತಿಯನ್ನು ದೊಡ್ಡವ್ವ ಟಿವಿಗೂ ಹಚ್ಚಿದ್ದಳು. ಮೊದಲು ಇದರಿಂದ ತೊಂದರೆಯೇನೂ ಇರಲಿಲ್ಲ. ಆಗಿನ ಧಾರಾವಾಹಿಗಳಲ್ಲಿ ದಿನಕ್ಕೊಂದು ಕಥೆ. ಕಳ್ಳ ಅವತ್ತೇ ಕದ್ದು ಅವತ್ತೇ ಸಿಕ್ಕಿಬೀಳುತ್ತಿದ್ದ. ಸಿಟ್ಟಾಗಿ ತವರಿಗೆ ಹೋದ ಸೊಸೆ ಅರ್ಧ ಗಂಟೆಯಲ್ಲಿ ವಾಪಸ್. ನಮಗೆ ಸಕ್ಕರೆ.

ಆ ಸಂಜೆಯದು ಹೊಸ ನಮೂನೆಯ ಧಾರಾವಾಹಿ. ಮದುಮಗ ತಾಳಿ ಕಟ್ಟಲು ಕೈ ಎತ್ತಿದ. "ನಿಲ್ಲಿಸಿ!" ಎಂದು ಯಾರೋ ಕೂಗಿದರು. ಎಲ್ಲರ ಮುಖ ಮೂರು ಮೂರು ಸಲ ತೋರಿಸಿ ಅಲ್ಲಿಗೇ ಬಿಟ್ಟರು. ಹಚ್ಚಿದ ಆರತಿ ಹಿಡಿದು ದೊಡ್ಡವ್ವ ನಿಂತೇ ಇದ್ದಳು.

"ಮುಂದ?" ಅಂದಳು.

"ನಾಳಿಗಂತ ನೋಡವಾ," ಅಂದಳು ಅವ್ವ.

"ಹಂಗಾರ ನಾಳಿಗೊಂದಿನ ಇರ್ತೀನಿ."

ಮರುದಿನ ಕೂಗಿದವರು ಯಾರೆಂದು ತಿಳಿಯಿತು. ಯಾಕೆ ಕೂಗಿದರೆಂದು ತಿಳಿಯಲಿಲ್ಲ. ಹುಣ್ಣಿಮೆ ಹೋಗಿ ಅಮಾವಾಸ್ಯೆ ಬಂದರೂ ಮದುಮಗನ ಕೈ ಇಳಿಯಲಿಲ್ಲ, ದೊಡ್ಡವ್ವ ಊರಿಗೆ ಹೋಗಲಿಲ್ಲ.

ಅತ್ತ ಬಸವಕಲ್ಯಾಣದ ಮನೆಯಲ್ಲಿ ಉಳಿದವರು ದೊಡ್ಡಪ್ಪ ಮತ್ತು ಎಮ್ಮೆ. ದೊಡ್ಡವ್ವನ ಕೈಗಲ್ಲದೆ ಅದು ಹಾಲು ಬಿಡದು. ದೊಡ್ಡಪ್ಪ ಅವಳ ಸೀರೆ ಸುತ್ತಿಕೊಂಡು ಹಿಂಡಲು ಕೂತನಂತೆ. ಎಮ್ಮೆ ಮೋಸ ಹೋಗಲಿಲ್ಲ. ಒದೆ ತಿಂದ ದೊಡ್ಡಪ್ಪ ಕುಂಟುತ್ತ ನಮ್ಮೂರಲ್ಲಿ ಬಸ್ಸಿಳಿದು ಬಂದ.

"ಏ, ನಡಿ ಮನಿಗಿ. ಎಮ್ಮಿ ಒದ್ಯಾಕತ್ತದ. ಕರಿ ಚಾ ಕುಡುದು ಬಾಯಿ ಕೆಟ್ಟ ಹೋಗ್ಯಾದ."

"ಕಥಿ ಅರ್ಧಕ್ಕ ಬಿಟ್ಟು ಹ್ಯಾಂಗ ಬರ್ಲಿರಿ?"

"ಅದೇ ಕಥಿ ನಮ್ಮನಿ ಟಿವ್ಯಾಗೂ ಬರ್ತದಲ್ಲ!"

"ಕುಂತ ಜಾಗಾದಾಗೇ ಮುಗಿಸಬೇಕು. ಅಷ್ಟೂ ಗೊತ್ತಿಲ್ಲೇನ್ರಿ?"

ಅವ್ವ ನಡುವೆ ಬಂದಳು. "ಕೂಡ್ರಿ ಮಾಮಾ, ಇವತ್ತ ಕಟ್ಟಿದ್ರೂ ಕಟ್ಟಬಹುದು."

ಮದುಮಗಳ ಕೊರಳಿಗೆ ತಾಳಿ ಬಿದ್ದ ಕೂಡಲೇ ಗಂಡ ಹೆಂಡತಿ ಕೊನೆಯ ಬಸ್ಸಿಗೆ ಹೊರಡುವುದೆಂದು ಮಾತಾಯಿತು. ದೊಡ್ಡಪ್ಪ ಚೀಲ ತೊಡೆಯ ಮೇಲಿಟ್ಟುಕೊಂಡೇ ಕೂತ. ಮದುಮಗ ಪ್ರಜ್ಞೆ ತಪ್ಪಿ ಬಿದ್ದ. ಎದ್ದವನು, "ನಾನು ಯಾರು?" ಎಂದು ಕೇಳಿದ. ಅವತ್ತಿನದು ಅಷ್ಟೇ.

"ಹಾಳಾದಾವ, ಈಗೇ ಮರೀಬೇಕಾ ಇಂವ?" ದೊಡ್ಡಪ್ಪ ಚೀಲ ಕೆಳಗಿಟ್ಟ. "ನಾಳಿಗಿ ಎಷ್ಟಕ್ಕ ಹಚ್ತಾರ?"

"ನೀವೂ ಕುಂತ್ರಲ್ಲ," ಅಂದಳು ದೊಡ್ಡವ್ವ ತಣ್ಣಗೆ. "ಇನ್ನ ನೀವೂ ಊರ ಬಿಡಂಗಿಲ್ಲ."

ದೊಡ್ಡಪ್ಪ ಬಸವಕಲ್ಯಾಣದ ನೆರೆಮನೆಗೆ ಫೋನ್ ಹಚ್ಚಿದ. ಮರುದಿನ ಮಧ್ಯಾಹ್ನ ನಮ್ಮ ಅಂಗಳಕ್ಕೆ ಒಂದು ಟೆಂಪೋ ಬಂತು, ಅದರಿಂದ ಎಮ್ಮೆ ಇಳಿಯಿತು. ಸಂಜೆ ಧಾರಾವಾಹಿ ನೋಡುತ್ತ ಎಲ್ಲರೂ ಹಾಲಿನ ಚಾ ಕುಡಿದೆವು.