ಸದ್ದು ಅಡಗಿಸಿದ ಅಲಾರಂ

ವಾಡಿ ಹತ್ತಿರದ ಪೆಟ್ರೋಲ್ ಪೈಪ್‌ಲೈನಿನ ಕಂಟ್ರೋಲ್ ರೂಮಿನಲ್ಲಿ ನಾನು ಕೆಲಸಕ್ಕಿದ್ದಾಗ, ಒತ್ತಡ ಇಳಿದಿದೆಯೆಂದು ಒಂದು ಅಲಾರಂ ದಿನಕ್ಕೆ ಹತ್ತು ಸಲ ಸುಳ್ಳೇ ಕೂಗುತ್ತಿತ್ತು. ನಿಯಮದಂತೆ ಪ್ರತಿ ಸಲವೂ ಕಾರಣ ಹುಡುಕಿ ಬರೆಯಬೇಕು. ನಮ್ಮ ಹಿರಿಯ ಆಪರೇಟರ್ ಬೇಸತ್ತು ಅದರ ಸದ್ದನ್ನೇ ಅಡಗಿಸಿದ್ದರು. ನಾನು ರಿಜಿಸ್ಟರಿನಲ್ಲಿ ‘ಸರಿಯಿದೆ’ ಎಂದು ಬರೆದು ಸಹಿ ಹಾಕುತ್ತಿದ್ದೆ.

ಒಂದು ಮಧ್ಯಾಹ್ನ ತೆಂಗಳಿ ಕಡೆಯ ಹೊಲದಿಂದ ಒಬ್ಬ ಹೆಣ್ಣುಮಗಳು ಫೋನ್ ಮಾಡಿದಳು. ಪೈಪ್ ಹೋದ ದಾರಿಯಲ್ಲಿ ನೆಟ್ಟ ಎಚ್ಚರಿಕೆ ಕಂಬದ ಮೇಲೆ ನಮ್ಮ ನಂಬರಿತ್ತು.

“ಸಾಹೇಬ್ರ, ತೊಗರಿ ಹೊಲದಾಗ ಪೆಟ್ರೋಲ್ ವಾಸನಿ ಭಾಳ ಬರ್ಲಿಕತ್ತದ್ರಿ. ನೆಲಾನೂ ಹಸಿ ಆಗ್ಯಾದ.”

ಪರದೆ ನೋಡಿದೆ. ಅದೇ ಅಲಾರಮಿನ ಕೆಂಪು ಗುರುತು ಸದ್ದಿಲ್ಲದೆ ಮಿನುಗುತ್ತಿತ್ತು. ಎಷ್ಟು ಹೊತ್ತಿನಿಂದಲೋ ತಿಳಿಯಲಿಲ್ಲ.

“ಅಕ್ಕಾ, ಅಲ್ಲಿ ಬೆಂಕಿ ಏನರ ಅದ ಏನ್ರಿ?”

“ಬದುವಿನ್ಯಾಗ ನಮ್ಮತ್ತಿ ಚಹಾಕ್ಕ ಒಲಿ ಹಚ್ಲಿಕತ್ತಾಳ್ರಿ.”

“ಹಚ್ಚಬ್ಯಾಡಂತ ಒದರ್ರಿ! ಎಲ್ಲಾರೂ ದೂರ ಓಡ್ರಿ!”

ಹಿರಿಯರನ್ನು ಕೇಳದೆ ತುರ್ತು ಗುಂಡಿ ಒತ್ತಿ ಪಂಪುಗಳನ್ನು ನಿಲ್ಲಿಸಿದೆ. ಫೋನಿನಲ್ಲಿ ಬರೀ ಗಾಳಿಯ ಸದ್ದು. ರಿಸೀವರನ್ನು ಕಿವಿಗೆ ಒತ್ತಿ ಹಿಡಿದೆ. ಕೊನೆಗೆ ಅವಳ ಏದುಸಿರು ಕೇಳಿಸಿತು.

“ಒಲಿ ಹತ್ತಿಲ್ರಿ. ಅತ್ತಿ ಕಡ್ಡಿಪೆಟ್ಟಿಗಿ ಒಗದು ಓಡಿ ಬಂದಾಳ.”

ಸಂಜೆ ಹಿರಿಯರು ಬಾಗಿಲು ಮುಚ್ಚಿ, “ವಿಚಾರಣಿಯೊಳಗ ಅಲಾರಂ ಹೊಡದೇ ಇಲ್ಲಂತ ಹೇಳು, ಇಬ್ರೂ ಉಳೀತೀವಿ” ಎಂದರು.

ವಿಚಾರಣೆಯಲ್ಲಿ ನಾನು ಇದ್ದದ್ದನ್ನೇ ಹೇಳಿದೆ. ಇಬ್ಬರ ಕೆಲಸವೂ ಹೋಯಿತು. ಮರುವರ್ಷ ಆ ಹೊಲ ನೋಡಲು ಹೋದೆ. ಸುತ್ತೆಲ್ಲ ತೊಗರಿ ಎದೆಮಟ್ಟ ನಿಂತಿತ್ತು. ಅವರ ಹೊಲದ ನಡುವೆ, ಪೆಟ್ರೋಲ್ ಇಂಗಿದ ಜಾಗದಲ್ಲಿ ಮಾತ್ರ ಹುಲ್ಲೂ ಇರಲಿಲ್ಲ.