ಕೆನ್ನೆಗೆ ಹಿಡಿದ ಅಚ್ಚು

ನನ್ನ ಪ್ಲಾಸ್ಟರ್ ಅಚ್ಚನ್ನು ಎತ್ತಿದವರೇ ಮಾಮ ಅದನ್ನು ಕೆನ್ನೆಗೆ ಒತ್ತಿಕೊಂಡು ಕಣ್ಣು ಮುಚ್ಚಿದರು. ಬದುಕಿಡೀ ದೋಣಿ ಕಟ್ಟಿದ ಬಡಗಿ ಅವರು. ಕಡಲ ಬದಿಯ ಕೋಡಿಬಾಗದಲ್ಲಿ ನಮ್ಮ ನೆರೆಮನೆಯವರು, ಕೇರಿಗೆಲ್ಲ ಮಾಮ.

"ಅಕ್ಕೋರೆ, ಇದ್ರ ಹೊಟ್ಟೇಲಿ ಇನ್ನೂ ನೀರು ಅದೆ."

ನಾನು ನಂಬಲಿಲ್ಲ. ವಾರದಿಂದ ಜಗಲಿಯಲ್ಲಿ ಒಣಗಿದ ಅಚ್ಚು ಅದು. ನನ್ನ ಹಳೆಯ ಸ್ಕೂಟರಿನ ಹಿಂಬದಿ ದೀಪದ ಮುಚ್ಚಳ ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಹಾಗಾಗಿ ಕೆಂಪು ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ, ಅಚ್ಚಿನ ಮೇಲೆ ಹಾಸಿ, ವ್ಯಾಕ್ಯೂಮ್ ಕ್ಲೀನರಿನಿಂದ ಅಡಿಯ ಗಾಳಿ ಎಳೆದು ಮನೆಯಲ್ಲೇ ಮಾಡಲು ಹೊರಟಿದ್ದೆ. ಎರಡು ಹಾಳೆ ಗುಳ್ಳೆ ಎದ್ದು ಹಾಳಾದವು. ಉಳಿದದ್ದು ಒಂದೇ. ನಾನು ಹಾಳೆಯನ್ನೇ ಬೈಯುತ್ತಿದ್ದೆ.

ಮಾಮ ಅಚ್ಚನ್ನು ನನ್ನ ಕೆನ್ನೆಗೆ ಹಿಡಿದರು. ಅಷ್ಟು ಸೆಕೆಯಲ್ಲೂ ತಣ್ಣಗಿತ್ತು! ಕಡಲ ಗಾಳಿಗೆ ಹೊರಮೈ ಮಾತ್ರ ಒಣಗಿತ್ತು; ಒಳಗಿನ ನೀರು ಇನ್ನೂ ಮೆಲ್ಲಗೆ ಆರುತ್ತ ಅಚ್ಚನ್ನು ತಣ್ಣಗಿಟ್ಟಿತ್ತು. ಬಿಸಿ ಹಾಳೆ ತಾಗಿದೊಡನೆ ಒಳಗಿನ ತೇವ ಹಬೆಯಾಗಿ ಏಳುತ್ತಿತ್ತು.

ಅವರು ಮನೆಯಿಂದ ಸಾಗವಾನಿಯ ತುಂಡೊಂದನ್ನು ತಂದರು. "ಒಲೆ ಮೇಲಿನ ಅಟ್ಟದಲ್ಲಿ ಹತ್ತು ವರ್ಷ ಒಣಗಿದ್ದು ಇದು. ಹಿಡ್ದು ನೋಡ್ರಿ." ಅದರಲ್ಲಿ ತಂಪಿನ ಸುಳಿವೇ ಇರಲಿಲ್ಲ. ಅದನ್ನು ಮುಚ್ಚಳದ ಆಕಾರಕ್ಕೆ ಕೆತ್ತಿ, ನುಣುಪಾಗಿ ಉಜ್ಜಿ, ಗಾಳಿ ಹೋಗಲು ತಗ್ಗುಗಳಲ್ಲಿ ಸೂಜಿ ಗಾತ್ರದ ತೂತು ಕೊರೆದರು. ಕೊನೆಯ ಹಾಳೆ ಒಂದು ಗುಳ್ಳೆಯೂ ಇಲ್ಲದೆ ಅಪ್ಪಿ ಕೂತಿತು. ಪ್ಲಾಸ್ಟಿಕ್ ಹೀಗೆ ಆಕಾರ ತಾಳುವುದನ್ನು ಮಾಮ ಅಂದೇ ಮೊದಲು ಕಂಡದ್ದು.

ಶಾಲೆಯಲ್ಲಿ ಆವಿಯಾಗುವಿಕೆಯ ಪಾಠ ಮಾಡುವವಳು ನಾನು. ಮರುದಿನ ಆ ಪ್ಲಾಸ್ಟರ್ ಅಚ್ಚನ್ನು ತರಗತಿಗೆ ಒಯ್ದು, ಪುಸ್ತಕ ಮುಚ್ಚಿಸಿ, ಒಂದೊಂದು ಮಗುವಿನ ಕೆನ್ನೆಗೂ ಹಿಡಿದೆ.